ಬಸವಪ್ರಭುನ ಸಮಾಧಿಗೆ ಕಲ್ಲು

ಶಿವಕಾಂತಾ,

ಈಗಷ್ಟ ನಿನಗ ನಿದ್ದಿ ಹತ್ತಿತ್ತು, ಎಬ್ಬಿಸಲಿಲ್ಲ. ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೋಗಿ ಊರಿನ ಬಸ್ಸು ಹಿಡೀತೀನಿ. ಬಸವಪ್ರಭುನ ಸಮಾಧಿಗೆ ಕಲ್ಲು ಹೊರಿಸಿ ಬರ್ತೀನಿ.

ಹಾಲು ಕಾಯಿಸಿಟ್ಟೀನಿ. ರೊಟ್ಟಿ ಡಬ್ಬ್ಯಾಗ ಅದಾವ, ನಿನ್ನಿನಂಗ ಹಂಗೇ ಬಿಡಬ್ಯಾಡ. ಸಂಜೀಕ ಬಾಜೂಮನಿ ಮಾಧುರಿ ಬಂದು ಕೂಡತಾಳ.

ಟಿವಿ ನೋಡಬ್ಯಾಡ ಅನ್ನೂದಿಲ್ಲ. ಸತ್ತವರು ಎದ್ದು ಬಂದು ರಕ್ತ ಕುಡಿಯೋ ಆ ಧಾರಾವಾಹಿ ಬೇಕಾದ್ರ ನೋಡು. ಮುಗಿದ ಮ್ಯಾಲೆ ಬಾಗಿಲಿಗೆ ಚಿಲಕ ಹಾಕು. ಒಳಗಿನವರು ಕರೆದರಷ್ಟ ಆ ಸತ್ತವರು ಹೊಸ್ತಿಲು ದಾಟತಾರಂತ ಅದರಾಗ ತೋರಿಸಿದಾಗಿಂದ, ನೀ ಬಾಗಿಲು ತೆರೆದು ಬಸವಪ್ರಭುನ್ನ ಹೆಸರು ಹಿಡಿದು ಕರೆಯೂದು ನನಗ ಕೇಳಸ್ತದ. ಆತ ಇದ್ದಾಗ ಒಮ್ಮೆಯೂ ಗಂಡನ ಹೆಸರು ಹಿಡಿದಾಕಿ ಅಲ್ಲ ನೀನು.

ನಿನ್ನೆ ನೀ ಕೇಳಿದ್ದಕ್ಕ ಈಗ ಉತ್ತರ ಬರೀತೀನಿ. ‘ಮಾವಾರ, ಟಿವ್ಯಾಗಿನವರು ಪೆಟ್ಟಿಗ್ಯಾಗ ಮಲಗಿದ್ರೂ ಏಳತಾರ. ನಮ್ಮವರನ್ನ ಕುಂದ್ರಿಸೇ ಮಣ್ಣು ಕೊಟ್ಟೀವಿ, ಏಳೂದು ಇನ್ನೂ ಹಗರ ಅಲ್ಲೇನ್ರಿ? ಕಲ್ಲು ಈಗಲೇ ಹೊರಿಸಬ್ಯಾಡ್ರಿ’ ಅಂದಿ.

ಯವ್ವಾ, ಕುಣಿಯೊಳಗ ಇಳಿದು ನನ್ನ ಮಗನ ಬೆನ್ನು ಮಣ್ಣಿನ ಗ್ವಾಡಿಗೆ ಆನಿಸಿ ಕುಂದ್ರಿಸಿದವ ನಾನು. ಅಂಗೈಯೊಳಗ ಲಿಂಗ ಇಟ್ಟು ಬೆರಳು ಮಡಚಿದೆ. ಕೈ ಬಿಟ್ಟರ ಬೆರಳು ಬಿಚ್ಚತಿದ್ದವು. ಕಡೀಕ ಅರಿವಿ ಸುತ್ತಿ ಕಟ್ಟಬೇಕಾತು. ಹುಟ್ಟಿದಾಗಿಂದ ಕೊರಳಾಗಿದ್ದ ಲಿಂಗಾನ ಹಿಡಿಯಾಕ ಆಗದವ, ನೀ ಕರೆದರ ಹ್ಯಾಂಗ ಏಳತಾನ?

ಕಲ್ಲು ಹೊರಿಸೇ ಬರ್ತೀನಿ. ನನ್ನ ಮ್ಯಾಲೆ ಸಿಟ್ಟಾಗು, ಆದರ ಉಣ್ಣು.

ನಿನ್ನ ಮಾವ,
ನಿಜಲಿಂಗಪ್ಪ