ಫ್ಯೂಸು ಕಿತ್ತ ಮೇಲೂ ಬಂದ ಕರೆಂಟು

ಇಲ್ಲಿ ಸಾಲಾಗಿ ನೆರೆದಿರುವ ಸಮಸ್ತ ವಿದ್ಯುತ್ ಕಂಬಗಳೇ, ಗುಂಯ್‌ಗುಡುತ್ತ ವೇದಿಕೆಯನ್ನು ಅಲಂಕರಿಸಿರುವ ಟ್ರಾನ್ಸ್‌ಫಾರ್ಮರುಗಳೇ, ತಿಂಗಳು ತಪ್ಪದೆ ಓದಿಸಿಕೊಳ್ಳುವ ಮೀಟರುಗಳೇ, ಹಾಗೂ ಇವರೆಲ್ಲರ ಮೇಲಧಿಕಾರಿಗಳಾದ ಮಾನ್ಯ ಕಾರ್ಯನಿರ್ವಾಹಕ ಎಂಜಿನಿಯರ್ ಸಾಹೇಬರೇ,

ದೇವರಾಜ ಅರಸು ಬಡಾವಣೆಯ ನಮ್ಮ ಲೈನ್‌ಮನ್ ಹುಲಿಯಪ್ಪನವರನ್ನು ತಾವು ಅಮಾನತು ಮಾಡಿದ್ದೀರಿ. ಲೈನ್ ಬಂದ್ ಮಾಡದೆ ಕಂಬ ಹತ್ತಿದರು, ಕರೆಂಟ್ ಹೊಡೆಯಿತು, ಬಿದ್ದರು, ತಪ್ಪು ಅವರದೇ. ಇದು ತಮ್ಮ ಆದೇಶದ ಸಾರಾಂಶ. ಬರುವ ಸೋಮವಾರ ವಿಚಾರಣೆಯಂತೆ. ಅಲ್ಲಿ ತಪ್ಪೊಪ್ಪಿಕೊಂಡರೆ ಕೆಲಸವೇ ಹೋಗುತ್ತದಂತೆ. ತಮ್ಮ ಆದೇಶ ತಪ್ಪು. ಅದನ್ನು ಹೇಳಲಿಕ್ಕೇ ಈ ಪತ್ರ.

ಅಂದು ಕರೆಂಟ್ ಹೋಗಿ ಒಂದು ಗಂಟೆಯಾದ ಮೇಲೆ, ಮಟಮಟ ಮಧ್ಯಾಹ್ನ, ಸಡಿಲಾಗಿದ್ದ ತಂತಿ ಬಿಗಿಯಲು ಅವರು ಬಂದರು. ಟ್ರಾನ್ಸ್‌ಫಾರ್ಮರಿನ ಮೂರೂ ಫ್ಯೂಸು ಕಿತ್ತು ಹೆಗಲ ಚೀಲಕ್ಕೆ ಹಾಕಿಕೊಂಡೇ ಕಂಬ ಹತ್ತಿದರು. ಬಿದ್ದವರನ್ನು ಆಟೋಗೆ ಎತ್ತಿ ಹಾಕಿದವರಲ್ಲಿ ನಾನೂ ಒಬ್ಬ. ಚೀಲ ನನ್ನ ಕೈಗೆ ಬಂತು, ಚೀಲದಲ್ಲಿ ಪಿಂಗಾಣಿಯ ಮೂರು ಫ್ಯೂಸುಗಳಿದ್ದವು. ಸಂಜೆ ಇನ್ನೊಬ್ಬರು ಬಂದು ಬೇರೆ ಫ್ಯೂಸು ಹಾಕಿ ಲೈನ್ ಕೊಟ್ಟರು. ಮರುದಿನ ಬಂದ ತಮ್ಮ ತನಿಖಾಧಿಕಾರಿಗಳು ಫ್ಯೂಸುಗಳು ಸ್ವಸ್ಥಾನದಲ್ಲಿ ವಿರಾಜಮಾನವಾಗಿರುವುದನ್ನು ಕಂಡು, ಬರೆದುಕೊಂಡು, ಎಳನೀರು ಕುಡಿದು ಹೋದರು. ಫ್ಯೂಸು ಕಿತ್ತ ಮೇಲೆ ಕರೆಂಟ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ಅವರ ಹನ್ನೊಂದು ಪುಟದ ವರದಿಯಲ್ಲಿ ಇಲ್ಲವಂತೆ.

ಈ ಬೇಸಿಗೆಯಲ್ಲಿ ನಮ್ಮ ಬೀದಿಗೆ ಕರೆಂಟ್ ಇದ್ದದ್ದು ನೆಂಟರ ಹಾಗೆ. ಬಿಲ್ಲು ಬರುವುದು ತಪ್ಪಿಲ್ಲ, ಬಲ್ಬು ಹತ್ತಿದ್ದು ನೆಪ್ಪಿಲ್ಲ ಎಂದು ನಾನೊಂದು ಪದ ಕಟ್ಟಿದೆ, ಬೀದಿಯವರು ನಕ್ಕರು. ನನ್ನ ಹೆಂಡತಿ ಶಾಂತಕುಮಾರಿ ನಗಲಿಲ್ಲ. ಅವಳು ಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಮೂವತ್ತು ಮನೆಗೆ, ಎರಡು ಹೋಟೆಲಿಗೆ ಕೊಡುತ್ತಾಳೆ. ನೆನೆಸಿದ ಉದ್ದಿನಬೇಳೆ ತಮ್ಮ ಪತ್ರಿಕಾ ಪ್ರಕಟಣೆ ಓದಿಕೊಂಡು ಕಾಯುತ್ತದೆಯೇ? ಮೂರನೇ ಸಲ ವಾಸನೆ ಬಂದ ಬೇಳೆಯನ್ನು ಚೆಲ್ಲಿ ಬಂದು ಅವಳು ಅಂದಳು, "ನೀವು ಪದ ಕಟ್ಟಿದ್ದು ಸಾಕು, ಒಂದು ಜನರೇಟರ್ ಕಟ್ಟಿಕೊಂಡು ಬರ್ರಿ."

ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ ನನಗೆ ಜನರೇಟರಿನ ಶಕ್ತಿ ಅಳೆಯುವ ಕೆವಿಎ ಎಂಬುದು ಯಾವುದೋ ಸಹಕಾರಿ ಬ್ಯಾಂಕಿನ ಹೆಸರಿನಂತೆ ಕೇಳಿಸಿತು. ದೊಡ್ಡ ಅಂಗಡಿಯವನು ನನ್ನ ಚಪ್ಪಲಿ ನೋಡಿದ ಮೇಲೆ ಬೆಲೆ ಹೇಳಿದ. ಇನ್ವರ್ಟರ್ ಸಾಕೆಂದ ಒಬ್ಬ. ಗ್ರೈಂಡರಿನ ಮೊದಲ ಏಟಿಗೇ ಅದು ಕೂಗಿಕೊಂಡು ಮಲಗುತ್ತದೆಂದ ಇನ್ನೊಬ್ಬ. ಕೊನೆಗೆ ಹರಿಹರದಲ್ಲಿ ಹಳೆಯ ಜನರೇಟರುಗಳನ್ನು ರಿಪೇರಿ ಮಾಡಿ ಮಾರುವ ಹಿದಾಯತ್ ಅವರ ಶೆಡ್ಡು ಹೊಕ್ಕೆ. ಅವರು ಕಂಪನಿ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಗ್ರೈಂಡರಿನ ಮೇಲೆ ಎಷ್ಟು ವಾಟ್ ಎಂದು ಬರೆದಿದೆ ಅಂದರು, ಅದನ್ನು ಮೂರರಿಂದ ಗುಣಿಸಿದರು. ಮೋಟಾರು ಎದ್ದೇಳುವಾಗ ಅಷ್ಟು ಉಣ್ಣುತ್ತದಂತೆ. ಎರಡೂವರೆ ಕೆವಿಎಯ ಪೆಟ್ರೋಲ್ ಯಂತ್ರವೊಂದು ನನ್ನ ಬಜೆಟ್ಟಿನೊಳಗೆ ಉಸಿರು ಬಿಗಿಹಿಡಿದು ಕೂತಿತು. ಆಟೋಗೆ ಹೇರುವಾಗ ಅವರು ಒಂದು ಮಾತು ಹೇಳಿದರು.

"ಸರ್, ಚೇಂಜ್‌ಓವರ್ ಸ್ವಿಚ್ ಹಾಕಿಸಿಕೊಳ್ರಿ. ಅದಿಲ್ದೆ ಮನೆ ಲೈನಿಗೆ ಕೊಡಬ್ಯಾಡ್ರಿ. ನಿಮ್ಮ ಕರೆಂಟು ವಾಪಸ್ ಬೀದಿಗೆ ಹೋಗ್ತೈತೆ."

ಬಜೆಟ್ಟು ಮುಗಿದಿತ್ತು. ಬರುವ ತಿಂಗಳು ಹಾಕಿಸುತ್ತೇನೆಂದೆ.

ಆದರೆ ಸ್ವಾಮಿ, ಬಜೆಟ್ಟು ಮುಗಿಯುವುದು ನನ್ನಂಥವನ ಮನೆಯಲ್ಲಿ ಮಾತ್ರವೇ? ಕೆಲಸ ಶುರು ಮಾಡುವ ಮುನ್ನ ತಂತಿಯನ್ನು ನೆಲಕ್ಕೆ ಜೋಡಿಸಲು ಒಂದು ಅರ್ತಿಂಗ್ ರಾಡು ಬೇಕು. ಎತ್ತಲಿಂದ ಕರೆಂಟ್ ನುಗ್ಗಿದರೂ ಅದು ಮನುಷ್ಯನ ಮೈಯ ಬದಲು ಮಣ್ಣಿಗೆ ಇಳಿಯುತ್ತದೆ. ನಾಲ್ಕು ಬಡಾವಣೆಗೆ ತಾವು ಕೊಟ್ಟಿರುವುದು ಒಂದೇ ರಾಡು, ಅದು ಅಂದು ಶಾಮನೂರಿನಲ್ಲಿತ್ತಂತೆ. ತಮ್ಮ ಕಚೇರಿಯ ಜನರೇಟರಿಗೆ ಮಾತ್ರ ತಾನೇತಾನಾಗಿ ಬದಲಾಗುವ ಸ್ವಿಚ್ಚಿದೆ. ಫ್ಯಾನು ಅರೆಗಳಿಗೆಯೂ ನಿಲ್ಲುವುದಿಲ್ಲ.

ಎಲುಬು ಮುರಿದು, ಬಲಗೈ ಬೆರಳು ಸುಟ್ಟುಕೊಂಡು ಆಸ್ಪತ್ರೆಯಲ್ಲಿರುವ ಹುಲಿಯಪ್ಪನವರನ್ನು ಎರಡು ಸಲ ಕಂಡು ಬಂದೆ. ಮೊದಲ ಸಲ, ಫ್ಯೂಸು ಕಿತ್ತಿದ್ದೆ ಎಂದು ಆಣೆ ಮಾಡಿದರು. ಎರಡನೇ ಸಲ ಮುಖ ಗೋಡೆಗೆ ತಿರುಗಿಸಿ ಮಲಗಿದ್ದರು. ಅವರ ಹೆಂಡತಿ ಕೆಂಚವ್ವ ನನ್ನನ್ನು ಬಾಗಿಲಾಚೆ ಕರೆದರು.

"ಇಪ್ಪತ್ತಾರು ವರ್ಷದಾಗ ಒಂದಿನ ಫ್ಯೂಸ್ ಕೀಳ್ದೆ ಕಂಬ ಹತ್ತಿದೋರಲ್ಲ ಸರ್. ಈಗ, ನಾನೇ ಮರ್ತಿರ್ಬೇಕು ಬಿಡು ಅಂತಾರೆ. ಸೋಮವಾರ ಹಂಗೇ ಬರ್ಕೊಡ್ತಾರಂತೆ. ನೀವು ಓದಿದೋರು. ಕರೆಂಟ್ ಹೆಂಗೆ ಬಂತು, ನೀವಾದ್ರೂ ಹೇಳ್ರಿ."

ತಂದಿದ್ದ ಮೋಸಂಬಿಯನ್ನು ಅವರ ಕೈಗಿಟ್ಟು ಮೆಟ್ಟಿಲಿಳಿದೆ.

ಆದಕಾರಣ ನನ್ನ ಆಗ್ರಹ: ಸೋಮವಾರದೊಳಗೆ ಅಮಾನತು ರದ್ದಾಗಬೇಕು. ಪ್ರತಿ ಲೈನ್‌ಮನ್‌ಗೂ ಅವರದೇ ಅರ್ತಿಂಗ್ ರಾಡು ಸಿಗಬೇಕು. ನಮ್ಮ ಬೀದಿಯ ಮನೆಮನೆಯ ಜನರೇಟರನ್ನೂ ತಾವು ಖುದ್ದಾಗಿ ಪರಿಶೀಲಿಸಿ, ಚೇಂಜ್‌ಓವರ್ ಇಲ್ಲದವರು ಯಾರು, ಅಂದು ಆ ಹೊತ್ತಿನಲ್ಲಿ ಯಂತ್ರ ಓಡಿಸಿದವರು ಯಾರು…

ಮನೆಮನೆ ತಿರುಗುವುದು ಬೇಡ. ನಮ್ಮ ಮನೆಗೇ ಬನ್ನಿ. ಎರಡೂ ತುದಿಗೆ ಪಿನ್ ಇರುವ ವೈರನ್ನು ಜನರೇಟರಿನಿಂದ ವರಾಂಡದ ಸಾಕೆಟ್ಟಿಗೆ ಸಿಕ್ಕಿಸಿ ಅದರ ಹಗ್ಗ ಎಳೆದವನು ನಾನು. ಮೇನ್ ಸ್ವಿಚ್ ಇಳಿಸಿರಲಿಲ್ಲ. ಯಂತ್ರ ನಾಲ್ಕು ಸೆಕೆಂಡು ಓಡಿ, ಇಡೀ ಬೀದಿಯ ಭಾರ ತಾಳದೆ ನಿಂತಿತು. ಆ ನಾಲ್ಕು ಸೆಕೆಂಡು ಹುಲಿಯಪ್ಪನವರ ಕೈ ತಂತಿಯ ಮೇಲಿತ್ತು. ಮರೆತವರು ಅವರಲ್ಲ.

ಇಂತಿ,
ಪ್ರತ್ಯಕ್ಷದರ್ಶಿ ಎಂದು ಸಹಿ ಹಾಕಲು ಹೊರಟಿದ್ದ
ನಾಗಭೂಷಣ್
ದೇವರಾಜ ಅರಸು ಬಡಾವಣೆ, ದಾವಣಗೆರೆ