ನಿನ್ನ ಬಲಗೈಗೆ ತಕ್ಕ ಕೈಗವಸು

ಇಗ್ಲೂಲಿಕ್
ಫೆಬ್ರವರಿ ೨೧

ಎನೂಕಿಗೆ,

ನಿನ್ನ ಹೆಂಡತಿಯ ವಂದನೆಗಳು. ನಾನು ಕ್ಷೇಮ. ಇದನ್ನು ಎಲ್ಲ ಪತ್ರಗಳಲ್ಲೂ ಬರೆಯುತ್ತಾರೆ, ಆದರೆ ಈ ಪತ್ರದಲ್ಲಿ ಅದೊಂದು ಸುದ್ದಿ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ಫೋನು ಮಾಡಬಹುದಿತ್ತು. ಫೋನಿನಲ್ಲಾದರೆ ನೀನು "ಗಾಳಿ ಜಾಸ್ತಿ ಕಣೇ, ಏನೂ ಕೇಳಿಸ್ತಿಲ್ಲ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ.

ಇದರ ಜೊತೆ ಬಂದಿರುವ ಪೊಟ್ಟಣದಲ್ಲಿ ಒಂದು ಜೊತೆ ಕೈಗವಸು ಇದೆ. ನನ್ನ ಅಂಗಡಿಯ ಮಾಲು. ಕೊಳ್ಳಲು ಬಂದವಳು ಲೀಟಿಯಾ. ಹೆಸರು ಓದಿ ನಿನ್ನ ಮುಖ ಹೇಗಾಯಿತೋ ನೋಡಲು ನಾನಲ್ಲಿಲ್ಲ, ಅದೊಂದು ನಷ್ಟವೇ.

ಅವಳ ವಿಮಾನ ಹಿಮಗಾಳಿಗೆ ಸಿಕ್ಕಿ ನಮ್ಮೂರಿನಲ್ಲಿ ಇಳಿಯಿತು. ಹೊತ್ತು ಕಳೆಯಲು ಅಂಗಡಿಗೆ ಬಂದಳು. ಒಳ್ಳೆಯ ಹುಡುಗಿ. ದಕ್ಷಿಣದ ನಗರದಲ್ಲಿ ಬೆಳೆದವಳು, ಕಚೇರಿ ಕೆಲಸಕ್ಕೆಂದು ಕಳೆದ ಬೇಸಿಗೆಯ ಕೊನೆಗೆ, ನೀನು ಗಾಡಿಯಲ್ಲಿ ಹೋಗಿಬರುವ, ಈಗಲೂ ಇರುವ ಮಿತ್ತಿಮತಾಲಿಕ್‌ಗೆ ಬಂದವಳು. ಅವೆಲ್ಲ ನಿನಗೆ ಗೊತ್ತಿರುವುದೇ.

"ಅಕ್ಕಾ, ಹಿಮದ ಮೇಲೆ ಸ್ನೋಮೊಬೈಲ್ ಗಾಡಿ ಓಡಿಸೋರಿಗೆ ಎಲ್ಲಕ್ಕಿಂತ ಬೆಚ್ಚನೆ ಕೈಗವಸು ಕೊಡಿ" ಎಂದಳು. ಹೇಳಿದವಳೇ ಐದು ಬೆರಳಿನ, ಮಿರಿಮಿರಿ ಮಿಂಚುವ ಕರಿಯದಕ್ಕೆ ಕೈ ಹಾಕಿದಳು.

"ಅದು ಫೋಟೋ ತೆಗೆಸ್ಕೊಳ್ಳೋಕೆ ಚೆನ್ನಾಗಿದೆ" ಎಂದೆ. "ಐದು ಬೆರಳಿಗೂ ಬೇರೆಬೇರೆ ಮನೆ ಕಟ್ಟಿಕೊಟ್ರೆ ಐದೂ ಒಂಟಿಯಾಗಿ ಹೆಪ್ಪುಗಟ್ತವೆ. ನಾಲ್ಕನ್ನ ಒಂದೇ ಕೋಣೇಲಿ ಹಾಕು, ಒಂದನ್ನೊಂದು ಬೆಚ್ಚಗಿಡ್ತವೆ."

"ಗಾಡಿ ಹಿಡಿಕೆಗೇ ಹೀಟರ್ ಇದೆಯಲ್ಲ ಅಕ್ಕಾ?"

"ಗಾಡಿ ಕೆಟ್ರೆ ಹೀಟರೂ ಕೆಟ್ಟಿತು. ಕೈಗೆ ನಿಜವಾದ ಕೆಲಸ ಬೀಳೋದೂ ಆಗಲೇ. ಮೊದಲು ತೆಳ್ಳಗೆ ಉಣ್ಣೇದು, ಅದರ ಮೇಲೆ ದೊಡ್ಡದು. ಬಿಗಿ ಇರಬಾರದು, ರಕ್ತ ನಿಲ್ಲುತ್ತೆ. ತೋಳಿನ ಮೇಲೆ ಮೊಣಕೈ ತನಕ ಬರಬೇಕು. ಎರಡಕ್ಕೂ ದಾರ ಕಟ್ಟಿ ಕುತ್ತಿಗೆಗೆ ಹಾಕ್ಕೊಬೇಕು, ಇಲ್ದಿದ್ರೆ ಗಾಳಿ ಒಂದನ್ನ ಹೊತ್ಕೊಂಡು ಹೋಗುತ್ತೆ. ಒಂದೇ ಕೈಗವಸು ಇಟ್ಕೊಂಡು ಯಾರಿಗೆ ಏನುಪಯೋಗ?"

ನಕ್ಕಳು. ನನಗೆ ಗಿರಾಕಿ ನಕ್ಕರೆ ಇನ್ನಷ್ಟು ಮಾತು ಬರುತ್ತದೆ, ನಿನಗೆ ಗೊತ್ತು. ಯಾರಿಗಮ್ಮಾ ಎಂದು ಕೇಳಿದೆ. ನಮ್ಮನೆಯವರಿಗೆ ಎಂದಳು, ಹೊಲಿಯುವುದು ತನಗೆ ಬಾರದು ಎಂದು ನಾಚಿಕೊಂಡಳು. ನಾನು ಸುಮ್ಮನಿರಬಹುದಿತ್ತು. "ಅವರ ಅಮ್ಮನೋ ಅಕ್ಕನೋ ಹೊಲಿದುಕೊಟ್ಟದ್ದು ಇಲ್ವಾ?" ಎಂದೆ.

"ಇದೆ ಅಕ್ಕಾ. ಕ್ಯಾರಿಬು ಜಿಂಕೆ ಚರ್ಮದ್ದು, ತುಂಬಾ ಚೆಂದ. ಗಾಡಿ ಹಿಂದೆ ಎಳೆಯೋ ಸ್ಲೆಡ್ಜಿನ ಪೆಟ್ಟಿಗೇಲಿ ಬಟ್ಟೆ ಸುತ್ತಿ ಇಟ್ಟಿದಾರೆ. ತೀರಿಹೋದ ಹೆಂಡತಿ ಹೊಲಿದದ್ದಂತೆ. ನೋಡಿದ್ರೆ ದುಃಖ ಬರುತ್ತೆ ಅಂತ ಹಾಕೋದೇ ಇಲ್ಲ. ಎಂಥದೋ ಅಗ್ಗದ್ದು ಹಾಕ್ಕೊಂಡು ಬರ್ತಾರೆ, ಬಲಗೈ ಹೆಬ್ಬೆರಳು ಬೆಳ್ಳಗಾಗಿಬಿಟ್ಟಿರುತ್ತೆ."

ಆ ಹೆಂಡತಿಗಾಗಿ ನಾನು ಮರುಗಿದೆ, ಎನೂಕಿ. "ಅಯ್ಯೋ ಪಾಪ" ಎಂದೆ. ನಿಜವಾಗಿಯೂ ಅಂದೆ.

ಆಮೇಲೆ ಅಳತೆ ಕೇಳಿದೆ. ಗಾಡಿಯ ವೇಗದ ಗುಂಡಿಯನ್ನು ದಿನವಿಡೀ ಒತ್ತಿಹಿಡಿಯುವುದು ಬಲ ಹೆಬ್ಬೆರಳು. ಅದರ ಮನೆ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಅವಳು ತನ್ನ ಹೆಬ್ಬೆರಳನ್ನು ಮಡಿಸಿ ಅವರದು ಹೇಗಿದೆಯೆಂದು ತೋರಿಸಿದಳು: ತುದಿ ಇಲ್ಲ, ಮೇಲಿನ ಗೆಣ್ಣು ಹೊರಕ್ಕೆ ತಿರುಗಿದೆ, ಸ್ಲೆಡ್ಜಿನ ಹಗ್ಗಕ್ಕೆ ಸಿಕ್ಕಿದ್ದಂತೆ. ಆ ಬೆರಳಿಗೆ ನಾನು ಮದುವೆಯಾದಂದಿನಿಂದ ಕೈಗವಸು ಹೊಲಿದಿದ್ದೇನೆ. ಕಣ್ಣು ಮುಚ್ಚಿದರೂ ಕತ್ತರಿಸಬಲ್ಲೆ.

ನೀನೇಕೆ ಕೈ ಮರಗಟ್ಟಿಸಿಕೊಂಡೆ ಎನ್ನುವುದೂ ಆಗಲೇ ಹೊಳೆಯಿತು. ಅದಕ್ಕೆ ಕಾರಣ ದುಃಖವಲ್ಲ. ನನ್ನ ಅಮ್ಮ ಹುಟ್ಟಿದ್ದು ಮಿತ್ತಿಮತಾಲಿಕ್‌ನಲ್ಲೇ. ಅಲ್ಲಿನ ಮುದುಕಿಯರಿಗೆ ನೀನು ನನ್ನ ಗಂಡನೆಂದು ಮುಖ ನೋಡಿ ಗೊತ್ತಾಗದು, ಆದರೆ ನನ್ನ ಹೊಲಿಗೆ ಬಲ್ಲರು. ಅಂಚಿನ ಬಿಳಿ ಪಟ್ಟಿಯನ್ನು ನಾನು ಮನೆಯವರಿಗೆ ಮಾತ್ರ ಹಾಕುತ್ತೇನೆ, ಮಾರುವುದಕ್ಕೆ ಹಾಕುವುದಿಲ್ಲ ಎನ್ನುವುದನ್ನೂ ಬಲ್ಲರು. ಕೈ ಕಂಡ ಕೂಡಲೇ "ನಮ್ಮ ಹುಡುಗಿ ಹೇಗಿದ್ದಾಳಪ್ಪಾ?" ಎಂದು ಕೇಳಿಬಿಡುತ್ತಾರೆ. ಅದಕ್ಕೇ ಊರು ಕಾಣುವ ದಿಬ್ಬದಾಚೆ ಗಾಡಿ ನಿಲ್ಲಿಸಿ, ನನ್ನದನ್ನು ಕಳಚಿ ಪೆಟ್ಟಿಗೆಗೆ ಹಾಕಿ, ಬರಿಗೈಯಂಥ ಅಗ್ಗದ್ದನ್ನು ತೊಟ್ಟು ಒಳಗೆ ಹೋಗಿದ್ದೀಯ. ವ್ಯಾಪಾರಕ್ಕಿಳಿದರೆ ನೀನು ಉದ್ಧಾರವಾಗುವವನಲ್ಲ. ನನ್ನನ್ನು ಸಾಯಿಸುವುದಕ್ಕೆ ನಿನ್ನದೇ ಬೆರಳನ್ನು ಬೆಲೆಯಾಗಿ ತೆತ್ತೆಯಲ್ಲ!

ಇನ್ನೊಬ್ಬಳನ್ನು ಕಂಡುಕೊಂಡೆ ಎಂದಿದ್ದರೆ ಕೂಗಾಡುತ್ತಿದ್ದೆ, ಕೆಟಲಿನಿಂದ ಹೊಡೆಯುತ್ತಿದ್ದೆ, ಬಹುಶಃ ಒಂದು ಚಳಿಗಾಲ ಕಳೆದ ಮೇಲೆ ಬಾಗಿಲನ್ನೂ ತೆರೆಯುತ್ತಿದ್ದೆ. ನಾನು ಇಲ್ಲಿ ನಿನ್ನ ಒದ್ದೆ ಕಾಲುಚೀಲಗಳನ್ನು ಒಲೆಯ ಮೇಲೆ ಹರವುತ್ತಿದ್ದಾಗ ನೀನು ಅಲ್ಲಿ ಕೂತು ನನಗಾಗಿ ಕಣ್ಣೊರೆಸಿಕೊಂಡೆ, ಅವಳು ಸಮಾಧಾನ ಮಾಡಿದಳು. ಆ ಲೆಕ್ಕ ಮಾತ್ರ ನನಗೆ ಸರಿಹೊಂದುತ್ತಿಲ್ಲ.

ಹಾಗೆಂದು ಕೈಗವಸಿನಲ್ಲಿ ಮೋಸ ಮಾಡಿಲ್ಲ. ಒಂದು ಅಳತೆ ಚಿಕ್ಕದನ್ನು ಕಟ್ಟಿಕೊಡಬಹುದಿತ್ತು, ಕಡಲ ಹಿಮದ ನಡುವೆ ನಿನಗೆ ಗೊತ್ತಾಗುತ್ತಿತ್ತು. ದೊಡ್ಡದನ್ನೇ ಆರಿಸಿದೆ, ಒಳಗೆ ಉಣ್ಣೆಯದಿಟ್ಟೆ, ಬಲಗೈ ಹೆಬ್ಬೆರಳನ್ನು ಬಿಚ್ಚಿ ಅಗಲ ಮಾಡಿ ಯಂತ್ರದಲ್ಲಿ ಹೊಲಿದೆ. ಯಂತ್ರದ ಹೊಲಿಗೆ ಯಾರಿಗೂ ಯಾರ ನೆನಪನ್ನೂ ತರುವುದಿಲ್ಲ. ಅವಳು ಅದನ್ನು ಕೌಂಟರಿನ ಮೇಲೆಯೇ ಬಿಟ್ಟುಹೋದಳು. ಯಾಕೆಂದು ಬರೆಯಲು ಈಗ ಕೈ ಬರುತ್ತಿಲ್ಲ.

ಇದನ್ನು ತೊಟ್ಟುಕೋ. ನನ್ನದನ್ನು ಇದೇ ವಿಮಾನದಲ್ಲಿ ಹಿಂದಕ್ಕೆ ಕಳಿಸು. ಆ ಚರ್ಮವನ್ನು ನಾನು ಹಲ್ಲಿನಿಂದ ಅಗಿದು ಮೆತ್ತಗೆ ಮಾಡಿದ್ದು ಗಂಡನಿಗೆಂದು. ಹೆಂಡತಿ ಸತ್ತ ಗಂಡಸು ಕೊಂಡದ್ದನ್ನು ತೊಡುವುದೇ ನಮ್ಮಲ್ಲಿ ಕ್ರಮ. ಇನ್ನು ಈ ಮನೆಗೆ ನಿನ್ನ ಸಾಮಾನು ತೆಗೆದುಕೊಳ್ಳಲು ಮಾತ್ರ ಬಾ.

ಇಂತಿ,
ಇನ್ನೂ ಉಸಿರಾಡುತ್ತಿರುವ
ಊಲಾಯು

ತಾ.ಕ. ಅವಳು ಬಸುರಿ. ಪೊಟ್ಟಣ ಕಟ್ಟುತ್ತಿದ್ದಾಗ ತಾನಾಗಿಯೇ ಹೇಳಿದಳು, ಖುಷಿಯಿಂದ. "ಗಂಡಾಗ್ಲಿ ಹೆಣ್ಣಾಗ್ಲಿ, ತೀರಿಹೋದೋರ ಹೆಸರೇ ಇಡೋಣ ಅಂತ ಅವರೇ ಹೇಳಿದಾರೆ. ಹೆಸರು ಬಂದ್ರೆ ಆ ಮನುಷ್ಯರೇ ವಾಪಸ್ ಬಂದ ಹಾಗೆ ಅಲ್ವಾ ಅಕ್ಕಾ?" ಹೌದಮ್ಮಾ ಎಂದೆ. ಆ ಕೂಸನ್ನು ನೀನು ಎತ್ತಿ ಆಡಿಸುತ್ತಾ, ಸತ್ತವರ ಹೆಸರು ಪಡೆದ ಕೂಸನ್ನು ಸತ್ತವರ ನಂಟಿನಿಂದಲೇ ಕರೆಯುವ ನಮ್ಮ ರೂಢಿಯಂತೆ "ನನ್ನ ಹೆಂಡತಿ" ಎಂದು ಕರೆಯುವುದು ಕಣ್ಣಿಗೆ ಕಟ್ಟಿತು. ಯಾವ ಹೆಸರು ಎಂದು ಕೇಳಿದೆ. ಊಲಾಯು ಎಂದಳು. ಅವಳ ಕೈಯ ಮೇಲೆ ಕೈಯಿಟ್ಟು, ಆದಷ್ಟು ಮೆಲ್ಲಗೆ ಹೇಳಿದೆ: "ಆ ಹೆಸರನ್ನ ಸದ್ಯಕ್ಕೆ ನಾನೇ ಉಪಯೋಗಿಸ್ತಾ ಇದ್ದೀನಿ ಕಣಮ್ಮಾ."