ಕರಿಗುಡ್ಡಿ ಕ್ರಾಸಿನಲ್ಲಿ ನಿಲ್ಲದ ಬಸ್ಸು, ನಿಂತ ಮಾಸ್ತರ

ಬಸ್ ಘಟಕದ ಮಾನ್ಯ ವ್ಯವಸ್ಥಾಪಕರೇ,

ನಿಮ್ಮ ಬಸ್ಸನ್ನು ನಿಲ್ಲಿಸಿದ್ದಕ್ಕಾಗಿ ನೀವು ನನ್ನ ಮೇಲೆ ದೂರು ಕೊಟ್ಟಿದ್ದೀರಿ. ಬಸ್ಸನ್ನು, ಬಸ್ ಸ್ಟಾಪಿನಲ್ಲಿ, ನಿಲ್ಲಿಸಿದ್ದಕ್ಕಾಗಿ. ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ಒಟ್ಟಿಗೆ ಓದಿದಾಗ ನನಗೇ ನಂಬಿಕೆ ಬರಲಿಲ್ಲ. ಮಾರ್ಚಿನಲ್ಲಿ ಹೊರಟ ನಿಮ್ಮ ದೂರು ಜೂನಿನಲ್ಲಿ, ಶಾಲೆ ತೆರೆದ ದಿನ, ನನ್ನ ಇಲಾಖೆಯ ನೋಟಿಸಾಗಿ ನನ್ನ ಮೇಜಿಗೆ ಬಂತು. ಇಷ್ಟು ತಡವಾಗಿದ್ದು ನೋಡಿದರೆ ಅದೂ ನಿಮ್ಮ ಬಸ್ಸಿಗೇ ಕಾದಿರಬೇಕು. "ಸದರಿ ಶಿಕ್ಷಕರು ಚಲಿಸುತ್ತಿದ್ದ ವಾಹನಕ್ಕೆ ಅಡ್ಡಲಾಗಿ ನಿಂತು ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾರೆ" ಎಂದು ಅದರಲ್ಲಿದೆ. ಇಲಾಖೆಗೆ ಒಂದು ಪುಟದ ಉತ್ತರ ಕೊಟ್ಟಿದ್ದೇನೆ. ಆದರೆ 'ಸದರಿ', 'ಮೇಲ್ಕಾಣಿಸಿದ' ಎಂಬ ಮಾತುಗಳ ನಡುವೆ ಹತ್ತು ಹುಡುಗಿಯರಿಗೆ ಆ ಪುಟದಲ್ಲಿ ಜಾಗ ಸಿಗಲಿಲ್ಲ. ನಿಮ್ಮ ಬಸ್ಸಿನಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಕರಿಗುಡ್ಡಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಹೆಸರು ಯಾಕೋಬ. ಊರಿನವರ ಬಾಯಲ್ಲಿ ಅದು 'ಯಾಕಪ್ಪ ಮಾಸ್ತರ' ಆಗಿ ಹದಿನಾಲ್ಕು ವರ್ಷವಾಯಿತು. ಯಾರು ಕರೆದರೂ ಏನೋ ಕಾರಣ ಕೇಳಿದಂತೆ ಕೇಳಿಸುತ್ತದೆ. ಕಾರಣ ಕೇಳುವ ನೋಟಿಸು ಅಧಿಕೃತವಾಗಿ ಬಂದದ್ದು ಮಾತ್ರ ಇದೇ ಮೊದಲು. ಊರಿನಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ನಾವು ಬಂದ ಹೊಸದರಲ್ಲಿ ಪಕ್ಕದ ಮನೆಯ ಸುಮಿತ್ರಾಬಾಯಿ ನನ್ನ ಹೆಂಡತಿ ಸಲೋಮಿಯನ್ನು ಕೇಳಿದ್ದರು: "ನೀವು ಪ್ರಾರ್ಥನಾ ಇಂಗ್ಲೀಷಿನ್ಯಾಗ ಮಾಡ್ತೀರೇನವ್ವಾ?" ಸಲೋಮಿ, "ಇಲ್ಲಬೇ, ನಮ್ಮ ದೇವರಿಗೂ ಕನ್ನಡ ತಿಳೀತೈತಿ" ಅಂದಿದ್ದಳು. ಅಂದಿನಿಂದ ಸುಮಿತ್ರಾಬಾಯಿಗೆ ನಮ್ಮ ದೇವರ ಮೇಲೆ ಗೌರವ ಹೆಚ್ಚಾಗಿದೆ. ನಮ್ಮ ಮಗಳು ಪ್ರಿಸ್ಕಿಲ್ಲಾ. ಊರಿಗೆಲ್ಲ ಆಕೆ 'ಪರಶೀಲಾ'.

ನಮ್ಮ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದುವವರು ಹದಿಮೂರು ಕಿಲೋಮೀಟರ್ ದೂರದ ಹೂವಿನ ಹಿಪ್ಪರಗಿಗೆ ಹೋಗಬೇಕು. ಕಾಲೇಜಿಗಾದರೆ ಅದೇ ಬಸ್ಸಿನಲ್ಲಿ ಇನ್ನೂ ಮುಂದೆ, ಬಸವನ ಬಾಗೇವಾಡಿಗೆ. ಊರ ಕ್ರಾಸಿನಲ್ಲಿ 'ಕೋರಿಕೆ ನಿಲುಗಡೆ' ಎಂದು ನಿಮ್ಮದೇ ಫಲಕವಿದೆ. ಕೋರಿಕೆಯಲ್ಲಿ ನಾವು ಎಂದೂ ಕಡಿಮೆ ಮಾಡಿಲ್ಲ. ನಿಮ್ಮ ಚಾಲಕರ ಕೈಸನ್ನೆಗಳನ್ನು ಓದುವುದನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಹೆಬ್ಬೆರಳು ಹಿಂದಕ್ಕೆ ತೋರಿಸಿದರೆ ಹಿಂದೆ ಇನ್ನೊಂದು ಬಸ್ಸಿದೆ, ಅಂದರೆ ಇಲ್ಲ. ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿದರೆ ಬಸ್ಸು ತುಂಬಿದೆ. ನಮ್ಮನ್ನು ಬಿಟ್ಟು ಆಚೆ ಬದಿಯ ಜೋಳದ ಹೊಲ ನೋಡುತ್ತ ಹೋದರೆ ಅವರಿಗೆ ಬೇಸಾಯದ ಮೇಲೆ ಪ್ರೀತಿ. ಗಂಡಸೊಬ್ಬ ಒಂಟಿಯಾಗಿ ನಿಂತರೆ ಬಸ್ಸು ನಿಲ್ಲುತ್ತದೆ. ನಾಲ್ಕು ಜನ ಹೆಣ್ಣುಮಕ್ಕಳು ನಿಂತರೆ ಅದಕ್ಕೆ ವೇಗ ಬರುತ್ತದೆ. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದು ಸರ್ಕಾರ ಹೇಳಿದೆ. ಹೆಣ್ಣುಮಕ್ಕಳಿಗೆ ಬಸ್ಸೇ ಇಲ್ಲ ಎಂದು ನಿಮ್ಮ ಘಟಕ ಓದಿಕೊಂಡಿದೆಯೇ?

ಈಗ ಆ ದಿನದ ಮಾತು. ಹತ್ತನೆಯ ತರಗತಿಯ ಪರೀಕ್ಷೆಯ ಮೊದಲ ದಿನ, ಕನ್ನಡ ಪತ್ರಿಕೆ. ಹತ್ತು ಗಂಟೆಗೆ ಗೇಟು ಮುಚ್ಚುತ್ತದೆ. ನಮ್ಮೂರಿನ ಹತ್ತು ಹುಡುಗಿಯರು ಎಂಟು ಗಂಟೆಗೇ ಕ್ರಾಸಿಗೆ ಬಂದಿದ್ದರು. ಎಲ್ಲರೂ ನನ್ನ ಕೈಯಲ್ಲಿ ಅಕ್ಷರ ತಿದ್ದಿದವರು, ಅವರಲ್ಲಿ ಒಬ್ಬಳು ನನ್ನ ಮಗಳು. ಹತ್ತಿಸಿ ಬರೋಣವೆಂದು ನಾನೂ ಹೋಗಿದ್ದೆ. ಎಂಟೂ ಇಪ್ಪತ್ತರ ಬಸ್ಸು ಹೆಬ್ಬೆರಳು ತೋರಿಸಿ ಹೋಯಿತು. ಹಿಂದಿನದು ಬಂದಾಗ ಎಂಟೂ ಐವತ್ತು. ಅದರಲ್ಲಿ ಅರ್ಧ ಸೀಟು ಖಾಲಿ ಇದ್ದವು. ಕಿಟಕಿಯಲ್ಲಿ ಎಣಿಸುವಷ್ಟು ಹತ್ತಿರದಿಂದಲೇ ಹೋಯಿತು. ಒಂದು ಟಂಟಂ ಆಟೋ ಬಂತು, ಅದರ ಹಿಂದೆ ಜನ ಜೋತು ಬಿದ್ದಿದ್ದರು. ನಿಮ್ಮ ಘಟಕಕ್ಕೆ ಫೋನು ಮಾಡಿದೆ.

"ಪರೀಕ್ಷಾ ಐತ್ರಿ, ಹತ್ತು ಹುಡುಗ್ಯಾರು ನಿಂತಾರ. ಬಸ್ ನಿಲ್ಲವಲ್ವು."

"ಅಲ್ಲಿ ಸ್ಟಾಪ್ ಐತೇನ್ರಿ?"

"ಐತ್ರಿ. ನಿಮ್ಮ ಬೋರ್ಡಿನ ಕೆಳಗ ನಿಂತೇನಿ."

"ಮತ್ತ ಸ್ಟಾಪ್ ಇದ್ದ ಮ್ಯಾಲೆ ನಿಲ್ತಾವ ತಗೋರಿ," ಎಂದು ನಿಮ್ಮವರು ಫೋನಿಟ್ಟರು. ತರ್ಕದಲ್ಲಿ ಏನೂ ತಪ್ಪಿರಲಿಲ್ಲ.

ಹತ್ತು ಜನರಲ್ಲಿ ಗುಲನಾಜ ಎಲ್ಲರಿಗಿಂತ ಹೆಚ್ಚು ಹೆದರಿದ್ದಳು. ವಾಂತಿ ಮಾಡಲು ಹೊಲದ ಬದುವಿನ ಕಡೆ ಓಡಿದಳು. ಅವಳ ಚೀಲ ನನ್ನ ಹೆಗಲಿಗೆ ಬಂತು. ವಾಪಸು ಬಂದು ಮುಖ ಒರೆಸಿಕೊಳ್ಳುತ್ತ, "ಸರ್, ನಾ ಮನಿಗಿ ಹೋಗ್ತೇನ್ರಿ" ಅಂದಳು. ನಾನು ಬೈದೆ. ಒಂಬತ್ತೂ ಹದಿನೈದಕ್ಕೆ ಮೂರನೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಹುಡುಗಿಯರು ಕೈ ಎತ್ತಿದರು. ಅದು ಎಡಬದಿ ಬಿಟ್ಟು ನಡುರಸ್ತೆಗೆ ಸರಿಯಿತು. ಆ ಸರಿಯುವಿಕೆಯ ಅರ್ಥ ನಮಗೆಲ್ಲ ಗೊತ್ತು.

ಮಾನ್ಯರೇ, ನಾನು ಧೈರ್ಯವಂತನಲ್ಲ. ಬೀದಿನಾಯಿ ಕಂಡರೆ ಓಣಿ ಬದಲಿಸುವವನು. ಅವತ್ತು ಮಾತ್ರ ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಂತೆ. ಹಾರ್ನು ಬಡಿಯಿತು. ಹಿಂದಿನಿಂದ ಪ್ರಿಸ್ಕಿಲ್ಲಾ "ಅಪ್ಪಾಜಿ!" ಎಂದು ಚೀರಿದ್ದು ಕೇಳಿಸಿತು. ಕಣ್ಣು ಮುಚ್ಚಿಕೊಂಡೆ; ಪ್ರಾರ್ಥನೆಯ ಮಾತೊಂದೂ ನೆನಪಾಗಲಿಲ್ಲ. ಕಣ್ಣು ತೆರೆದಾಗ ಬಸ್ಸಿನ ಮೂತಿ ನನ್ನಿಂದ ಎರಡು ಮಾರು ದೂರದಲ್ಲಿತ್ತು, ರಬ್ಬರು ಸುಟ್ಟ ವಾಸನೆ ಬರುತ್ತಿತ್ತು.

ಚಾಲಕರು ಇಳಿದು ಬಂದು ನನ್ನ ಅಂಗಿ ಹಿಡಿದರು. "ಸಾಯಾಕ ನನ್ನ ಗಾಡೀನ ಬೇಕಾತೇನ್ರಿ? ನನಗೂ ಹೆಂಡ್ರು ಮಕ್ಕಳು ಅದಾವು!" ನನಗಿಂತ ಹೆಚ್ಚು ಹೆದರಿದವರು ಅವರು. ಆ ಒಂದು ವಿಷಯಕ್ಕೆ ಅವರಲ್ಲಿ ಕ್ಷಮೆ ಕೇಳುತ್ತೇನೆ, ಇಲ್ಲಿಯೇ, ಎಲ್ಲರೆದುರು. ಅಷ್ಟರಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿದ್ದ ನಮ್ಮೂರ ಬಳೆಗಾರ್ತಿ ಜೈತುನಬಿ ಬಾಗಿಲನ್ನು ಒಳಗಿನಿಂದ ಒದ್ದು ತೆಗೆದಳು. "ಏ ಹುಡುಗ್ಯಾರ, ಗಂಡಸ್ರು ಜಗಳಾಡ್ಲಿ, ನೀವು ಹತ್ರಿ!" ನಿರ್ವಾಹಕರು ಸೀಟಿ ಹುಡುಕುವುದರೊಳಗೆ ಹತ್ತೂ ಜನ ಒಳಗಿದ್ದರು. ಚಾಲಕರು ನನ್ನ ಅಂಗಿ ಬಿಟ್ಟು, ಏರಿ, ಬಸ್ಸು ಬಿಟ್ಟರು. ನಾನು ರಸ್ತೆಯಲ್ಲಿ ಉಳಿದೆ. ಗೆದ್ದವನಂತೆ ಒಂದು ನಿಮಿಷ ನಿಂತಿದ್ದೆನೇನೋ. ಆಮೇಲೆ ಹೆಗಲು ಭಾರ ಅನಿಸಿತು. ಗುಲನಾಜಳ ಚೀಲ. ಒಳಗೆ ಕಂಪಾಸ್ ಡಬ್ಬಿ, ಎರಡು ಪೆನ್ನು, ಹಾಲ್ ಟಿಕೆಟ್.

ನಮ್ಮೂರಿನ ಹಾಲು ಮಾರುವ ಹಣಮಂತ್ರಾಯ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದ. ನಾನು ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ನನ್ನ ಮುಖ ನೋಡಿ ಕ್ಯಾನುಗಳ ಹಗ್ಗ ಬಿಚ್ಚಿ ಬೇವಿನ ಗಿಡದ ಕೆಳಗೆ ಇಟ್ಟ. "ಹಾಲು ಎಲ್ಲಿ ಹೋಗ್ತೈತ್ರಿ ಮಾಸ್ತರ, ಹತ್ರಿ." ಆ ಹದಿಮೂರು ಕಿಲೋಮೀಟರಿನಲ್ಲಿ ಎಷ್ಟು ತಗ್ಗುಗಳಿವೆ ಎಂಬುದು ನನ್ನ ಬೆನ್ನಿಗೆ ಇನ್ನೂ ನೆನಪಿದೆ. ಅವನ ಹಾಲು ಅವತ್ತು ಬಿಸಿಲಿಗೆ ಒಡೆಯಿತು ಎಂದು ಮರುದಿನ ತಿಳಿಯಿತು. ಅವನು ಯಾರ ಮೇಲೂ ದೂರು ಕೊಡಲಿಲ್ಲ.

ನಾವು ಮುಟ್ಟಿದಾಗ ಒಂಬತ್ತೂ ಐವತ್ತೆರಡು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಪೇದೆ ನಿಂತಿದ್ದ. ಗೇಟಿನ ಹೊರಗೆ ಒಬ್ಬಳಲ್ಲ, ಇಬ್ಬರು ಹುಡುಗಿಯರಿದ್ದರು. ಗುಲನಾಜ ಅಳುತ್ತಿದ್ದಳು. ಪಕ್ಕದಲ್ಲಿ ನನ್ನ ಮಗಳು, ತನ್ನ ಹಾಲ್ ಟಿಕೆಟ್ ಕೈಯಲ್ಲಿ ಹಿಡಿದುಕೊಂಡೇ, ಅವಳ ರಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ನೀ ಯಾಕ ಒಳಗ ಹೋಗಿಲ್ಲ?"

"ನಾ ಒಳಗ ಹೋಗಿದ್ರ ಈಕಿ ಮನಿಗಿ ಹೋಗಿಬಿಡ್ತಿದ್ಲು ಅಪ್ಪಾಜಿ."

ಪೇದೆ, "ಮಾತು ಆಮ್ಯಾಲೆ ಆಡ್ರಿ, ಮೊದಲ ಒಳಗ ಕಳಸ್ರಿ" ಅಂದ. ಇಬ್ಬರೂ ಓಡಿದರು. ನಾನು ಗೋಡೆಗೆ ಒರಗಿ ಕುಳಿತೆ. ಹಣಮಂತ್ರಾಯ ಎಲ್ಲಿಂದಲೋ ನೀರು ತಂದುಕೊಟ್ಟ.

ಸಂಜೆಯ ಹೊತ್ತಿಗೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಸಲೋಮಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟದ ಮುಂಚಿನ ಪ್ರಾರ್ಥನೆಯಲ್ಲಿ, "ಕರ್ತನೇ, ಈ ಮನಿ ಯಜಮಾನ್ರಿಗೆ ಸ್ವಲ್ಪ ಬುದ್ಧಿ ದಯಪಾಲಿಸು" ಎಂದು ನನಗೆ ಕೇಳುವಂತೆ ಬೇಡಿಕೊಂಡಳು. ನಾನು ಆಮೆನ್ ಅಂದೆ. ರೊಟ್ಟಿ ಬಡಿಸುತ್ತ ಆಕೆ ಕಣ್ಣೊರೆಸಿಕೊಂಡಳು. "ಬಸ್ ನಿಂದರದ ಇದ್ದಿದ್ರ?" ಎಂದಳು. ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತೇನೆ. ನಿಮ್ಮ ಬಳಿ ಉತ್ತರವಿದೆಯೇ?

ಹತ್ತೂ ಜನ ಪಾಸಾದರು. ಕನ್ನಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗುಲನಾಜಳದು. ಪೇಢೆ ಹಂಚಿ ಸುಮ್ಮನಿರಬಹುದಿತ್ತು. ಆದರೆ ಕಾಲೇಜಿಗೆ ಹೆಸರು ಹಚ್ಚುವ ಹೊತ್ತಿಗೆ ಗುಲನಾಜಳ ತಂದೆ ಅಬ್ದುಲರಜಾಕ ಶಾಲೆಗೆ ಬಂದ. ಪಂಪಸೆಟ್ ರಿಪೇರಿ ಮಾಡುವವನು, ಮಿತಭಾಷಿ. ನಿಂತುಕೊಂಡೇ ಮಾತಾಡಿದ.

"ಓದಸ್ಬಾರ್ದಂತ ಇಲ್ರಿ ಮಾಸ್ತರ. ಆದ್ರ ಬಾಗೇವಾಡಿ ಮಟ ಹೋಗಬೇಕು. ವಯಸ್ಸಿಗೆ ಬಂದ ಮಗಳನ್ನ ದಿನಾ ಎರಡ ತಾಸು ರಸ್ತಾದಾಗ ನಿಲ್ಲಸಾಕ ನನ್ನ ಕೈಲೆ ಆಗಂಗಿಲ್ಲ. ದಿನಾ ನೀವು ಬಸ್ಸಿಗಿ ಅಡ್ಡ ನಿಲ್ತೀರೇನು?"

"ಇಲ್ಲಪ್ಪ" ಎಂದೆ.

"ಹೆಸರು ಹಚ್ತೇನಿ. ಎಂಟು ದಿನ ನೋಡ್ತೇನಿ. ಬಸ್ ನಿಂತ್ರ ಕಾಲೇಜು. ಇಲ್ಲಂದ್ರ ಮನಿ."

ಅವನನ್ನು ಹಳೆಯ ಕಾಲದವನು ಎಂದು ಬೈಯುವುದು ಸುಲಭ. ವೇದಿಕೆ ಸಿಕ್ಕರೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಾನೂ ಅರ್ಧ ಗಂಟೆ ಮಾತಾಡಬಲ್ಲೆ. ಆದರೆ ಅವನು ಕೇಳಿದ್ದು ಭಾಷಣವನ್ನಲ್ಲ, ಬಸ್ಸನ್ನು. ಆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೋ, ನೀವೋ?

ನನ್ನ ಮೇಲಿನ ದೂರನ್ನು ಹಿಂದಕ್ಕೆ ಪಡೆಯಿರಿ ಎಂದು ನಾನು ಕೇಳುವುದಿಲ್ಲ. ನಿಂತದ್ದು ನಿಜ. ನನ್ನ ವೇತನ ಬಡ್ತಿ ನಿಲ್ಲಿಸಬಹುದು ಎನ್ನುತ್ತಾರೆ. ಅದು ನಿಲ್ಲಲಿ, ಅದರ ಜೊತೆ ಬಸ್ಸೂ ನಿಲ್ಲಲಿ. ನಾನು ಕೇಳುವುದು ಒಂದು ಹಾಳೆ: ಬೆಳಿಗ್ಗೆಯ ಎಂಟೂ ಇಪ್ಪತ್ತರ ಬಸ್ಸು ಕರಿಗುಡ್ಡಿ ಕ್ರಾಸಿನಲ್ಲಿ ಕಡ್ಡಾಯವಾಗಿ ನಿಲ್ಲತಕ್ಕದ್ದು ಎಂಬ ನಿಮ್ಮ ಸಹಿಯ ಆದೇಶ, ಚಾಲಕರ ಕೈಗೆ ತಲುಪುವಂತೆ. ಅದನ್ನು ಬರೆಯಲು ನನ್ನ ಮೇಲೆ ದೂರು ಬರೆದದ್ದಕ್ಕಿಂತ ಕಡಿಮೆ ಶಾಯಿ ಸಾಕು.

ಕಾಲೇಜು ಸೋಮವಾರ ಶುರುವಾಗಿದೆ. ಇವತ್ತು ಗುರುವಾರ. ನಾಲ್ಕು ದಿನಗಳಲ್ಲಿ ನಿಮ್ಮ ಬಸ್ಸು ಎರಡು ದಿನ ನಿಂತಿದೆ, ಎರಡು ದಿನ ನಿಂತಿಲ್ಲ. ಅಬ್ದುಲರಜಾಕ ಪ್ರತಿದಿನ ಕ್ರಾಸಿಗೆ ಬಂದು, ಸ್ವಲ್ಪ ದೂರದಲ್ಲಿ ಸೈಕಲ್ ಹಿಡಿದು ನಿಂತು, ಬಸ್ಸು ನೋಡಿಕೊಂಡು ಹೋಗುತ್ತಾನೆ. ಇನ್ನು ನಾಲ್ಕು ದಿನ ಉಳಿದಿವೆ.

ಇಂತಿ,
ನಿಮ್ಮ ಕಡತದಲ್ಲಿ 'ಅಡ್ಡಿ' ಎಂದು ದಾಖಲಾಗಿರುವ,
ಯಾಕೋಬ ತಿಮೊಥಿ ಸಾಲೋಟಗಿ
ಸಹಶಿಕ್ಷಕ, ಕರಿಗುಡ್ಡಿ
(ನಾಳೆ ಬೆಳಿಗ್ಗೆ ಎಂಟಕ್ಕೆ ಕ್ರಾಸಿನಲ್ಲಿರುತ್ತೇನೆ, ಹೆಂಡತಿಗೆ ಮಾತು ಕೊಟ್ಟಿರುವುದರಿಂದ, ರಸ್ತೆಯ ಪಕ್ಕದಲ್ಲಿ)